ಗಾಯಕ ಹೋದ, ಫರ್ಮ್ ಮುಚ್ಚಲಿಲ್ಲ: ಎಸಿ/ಡಿಸಿಯ ಐವತ್ತು ವರ್ಷದ ಲೆಕ್ಕ

ಇವತ್ತಿನ ವಿಷಯ ಎಸಿ/ಡಿಸಿ. ಕಂದಾಯ ಇಲಾಖೆಯ ಎಸಿ, ಡಿಸಿ ಅಲ್ಲ. ಪಹಣಿ ತಿದ್ದುಪಡಿ ಬಗ್ಗೆ ಏನೋ ಹೇಳ್ತಾನೆ ಅಂದುಕೊಂಡು ಬಂದವರಿದ್ದರೆ ಕ್ಷಮಿಸಿ, ಆದರೆ ಎದ್ದು ಹೋಗಬೇಡಿ. ಇದು ಆಸ್ಟ್ರೇಲಿಯಾದ ಒಂದು ಹಾರ್ಡ್ ರಾಕ್ ಬ್ಯಾಂಡಿನ ಕಥೆ. 1973ರಲ್ಲಿ ಶುರುವಾಗಿದ್ದು, ಐವತ್ತು ವರ್ಷ ದಾಟಿಯೂ ವೇದಿಕೆ ಮೇಲಿದೆ.

ಆದರೆ ನನಗೆ ಈ ಕಥೆ ಹಿಡಿಸಿದ್ದು ಬರೀ ಹಾಡುಗಳಿಗಾಗಿ ಅಲ್ಲ. ಬಿ.ಕಾಂ ಓದಿದವರಿಗೆ ಪಾರ್ಟ್‌ನರ್‌ಶಿಪ್ ಅಕೌಂಟ್ಸ್‌ನಲ್ಲಿ 'ಪಾಲುದಾರನ ಮರಣ' ಅನ್ನೋ ಅಧ್ಯಾಯ ನೆನಪಿರುತ್ತೆ. ಪಾಲುದಾರ ತೀರಿಕೊಂಡರೆ ಅವನ ಬಂಡವಾಳ ಎಷ್ಟು, ಆ ದಿನದವರೆಗಿನ ಲಾಭದಲ್ಲಿ ಅವನ ಪಾಲೆಷ್ಟು, ಗುಡ್‌ವಿಲ್‌ನಲ್ಲಿ ಎಷ್ಟು, ಎಲ್ಲ ಲೆಕ್ಕ ಹಾಕಿ ವಾರಸುದಾರರ ಖಾತೆಗೆ ದಾಟಿಸಬೇಕು. ನಮ್ಮ 1932ರ ಪಾಲುದಾರಿಕೆ ಕಾಯ್ದೆ ಪ್ರಕಾರ, ಪಾಲುದಾರರು ಮೊದಲೇ ಬೇರೆ ಥರ ಒಪ್ಪಂದ ಮಾಡಿಕೊಂಡಿರದಿದ್ದರೆ, ಒಬ್ಬ ಸತ್ತ ಕೂಡಲೇ ಫರ್ಮೇ ವಿಸರ್ಜನೆ ಆಗುತ್ತೆ. ಅಂದರೆ ಕಾನೂನು ಕೇಳೋ ಪ್ರಶ್ನೆ ನೇರ: ಜನ ಹೋದ ಮೇಲೆ ವ್ಯಾಪಾರ ಇದೆಯೋ ಇಲ್ಲವೋ?

ಒಂದು ಬ್ಯಾಂಡ್‌ಗೆ ಇದೇ ಪ್ರಶ್ನೆ ಕೇಳಿದರೆ? ಹಾಡುವವನೇ ಸತ್ತರೆ ಆ ಹೆಸರು ಯಾರದ್ದು? ಅದೇ ಬೋರ್ಡ್ ಹಾಕಿಕೊಂಡು ಅಂಗಡಿ ನಡೆಸೋದು ಸತ್ತವನಿಗೆ ಗೌರವವೋ, ಅವನ ಹೆಸರಲ್ಲಿ ದುಡ್ಡು ಮಾಡೋದೋ? ಎಸಿ/ಡಿಸಿಗೆ ಈ ಪ್ರಶ್ನೆ ಒಂದು ಸಲ ಅಲ್ಲ, ಮತ್ತೆ ಮತ್ತೆ ಎದುರಾಯಿತು. ಪ್ರತಿ ಸಲವೂ ಅವರು 'ಮುಂದುವರಿಸ್ತೀವಿ' ಅಂದರು. ಆ ಉತ್ತರ ಪ್ರತಿ ಸಲವೂ ಒಂದೇ ಆಗಿರಲಿಲ್ಲ ಅನ್ನೋದೇ ಇವತ್ತಿನ ಸಂಚಿಕೆ.

ವಲಸೆ ಬಂದ ಮನೆ

ಯಂಗ್ ಕುಟುಂಬ ಸ್ಕಾಟ್ಲೆಂಡಿನ ಗ್ಲಾಸ್ಗೋದವರು. 1963ರಲ್ಲಿ ಆಸ್ಟ್ರೇಲಿಯಾಕ್ಕೆ ವಲಸೆ ಬಂದರು. ಎರಡನೇ ಮಹಾಯುದ್ಧದ ನಂತರ ಆಸ್ಟ್ರೇಲಿಯಾಕ್ಕೆ ಜನ ಬೇಕಿತ್ತು. ಬ್ರಿಟನ್ನಿನ ವಯಸ್ಕನೊಬ್ಬ ಹತ್ತು ಪೌಂಡ್ ಕೊಟ್ಟರೆ ಸಾಕು, ಉಳಿದ ಹಡಗಿನ ಖರ್ಚು ಸರ್ಕಾರದ್ದು. ಹಾಗೆ ಬಂದವರಿಗೆ 'ಟೆನ್ ಪೌಂಡ್ ಪಾಮ್ಸ್' ಅಂತಲೇ ಅಡ್ಡಹೆಸರು.

ಬಂದವರು ಮೊದಲು ಉಳಿದಿದ್ದು ಸಿಡ್ನಿ ಹೊರವಲಯದ ವಿಲ್ಲವುಡ್ ಅನ್ನೋ ವಲಸಿಗರ ಹಾಸ್ಟೆಲ್‌ನಲ್ಲಿ. ಮನೆಯ ದೊಡ್ಡ ಹುಡುಗರಲ್ಲಿ ಒಬ್ಬನಾದ ಜಾರ್ಜ್ ಯಂಗ್‌ಗೆ ಅಲ್ಲಿ ಡಚ್ ವಲಸಿಗ ಹುಡುಗ ಹ್ಯಾರಿ ವಾಂಡಾ ಸಿಕ್ಕ. ಇಬ್ಬರೂ ಸೇರಿದ ಬ್ಯಾಂಡ್ ಈಸಿಬೀಟ್ಸ್. 1966ರಲ್ಲಿ 'ಫ್ರೈಡೇ ಆನ್ ಮೈ ಮೈಂಡ್' ಹಾಡು ಆಸ್ಟ್ರೇಲಿಯಾ ದಾಟಿ ಇಂಗ್ಲೆಂಡ್, ಅಮೆರಿಕದಲ್ಲೂ ಹಿಟ್ ಆಯಿತು. ಆದರೆ ಕೆಲವೇ ವರ್ಷಗಳಲ್ಲಿ ಬ್ಯಾಂಡ್ ಒಡೆಯಿತು. ಅಣ್ಣನ ಏರಿಳಿತ ಎರಡನ್ನೂ ಮನೆಯಲ್ಲೇ ಕೂತು ನೋಡಿದವರು ಇಬ್ಬರು ತಮ್ಮಂದಿರು: 1953ರಲ್ಲಿ ಹುಟ್ಟಿದ ಮಾಲ್ಕಮ್, 1955ರಲ್ಲಿ ಹುಟ್ಟಿದ ಅಂಗಸ್.

ಮಾಲ್ಕಮ್ ಶಾಲೆ ಬಿಟ್ಟ ಮೇಲೆ ಒಳಉಡುಪು ತಯಾರಿಸುವ ಕಾರ್ಖಾನೆಯಲ್ಲಿ ಹೊಲಿಗೆ ಯಂತ್ರಗಳನ್ನ ನೋಡಿಕೊಳ್ಳೋ ಕೆಲಸ ಮಾಡಿದವನು. ತಮಾಷೆ ನೋಡಿ, ಬ್ಯಾಂಡಿನ ಹೆಸರು ಬಂದಿದ್ದೂ ಹೊಲಿಗೆ ಯಂತ್ರದಿಂದಲೇ. ಅಕ್ಕ ಮಾರ್ಗರೇಟ್ ತನ್ನ ಮಷಿನ್ ಮೇಲೆ ಬರೆದಿದ್ದ 'ಎಸಿ/ಡಿಸಿ' ತೋರಿಸಿ, ಇದನ್ನೇ ಇಟ್ಕೊಳ್ಳಿ ಅಂದಳು. ಎರಡೂ ಥರದ ಕರೆಂಟಿನಲ್ಲಿ ಓಡುತ್ತೆ ಅಂತ ಅರ್ಥ. ಅಂಗಸ್ ಇವತ್ತಿಗೂ ವೇದಿಕೆ ಮೇಲೆ ಚಡ್ಡಿ, ಟೈ, ಕೋಟಿನ ಸ್ಕೂಲ್ ಯೂನಿಫಾರ್ಮ್‌ನಲ್ಲೇ ಬರೋದು. ಆ ಐಡಿಯಾ ಕೂಡ ಮಾರ್ಗರೇಟ್‌ಳದೇ. ಲೋಗೋ, ಮಾರ್ಕೆಟಿಂಗ್ ಅಂತ ದೊಡ್ಡ ಏಜೆನ್ಸಿಗಳಿಗೆ ಕೋಟಿಗಟ್ಟಲೆ ಕೊಡೋ ಕಾಲದಲ್ಲಿ ನಾವಿದ್ದೀವಿ. ಇವರ ಬ್ರ್ಯಾಂಡಿಂಗ್ ಕೆಲಸವನ್ನೆಲ್ಲ ಅಕ್ಕ ಮನೆಯಲ್ಲೇ ಮುಗಿಸಿಬಿಟ್ಟಿದ್ದಳು.

ಮೊದಲ ಕಾರ್ಯಕ್ರಮ 1973ರ ಡಿಸೆಂಬರ್ 31ರ ರಾತ್ರಿ, ಸಿಡ್ನಿಯ ಚೆಕರ್ಸ್ ಕ್ಲಬ್‌ನಲ್ಲಿ. ಆಗಿನ ಗಾಯಕ ಡೇವ್ ಇವಾನ್ಸ್. ವರ್ಷ ಕಳೆಯೋದರೊಳಗೆ ಅವನು ಹೊರಗೆ, ಬಾನ್ ಸ್ಕಾಟ್ ಒಳಗೆ. ಬಾನ್ ಕೂಡ ಸ್ಕಾಟ್ಲೆಂಡಿನಲ್ಲೇ ಹುಟ್ಟಿ, 1952ರಲ್ಲಿ ಅಪ್ಪ ಅಮ್ಮನ ಜೊತೆ ಆಸ್ಟ್ರೇಲಿಯಾಕ್ಕೆ ಬಂದವನು. ಅಂಗಸ್‌ಗಿಂತ ಒಂಬತ್ತು ವರ್ಷ ದೊಡ್ಡವನು. ಅಷ್ಟರಲ್ಲಾಗಲೇ ಎರಡು ಮೂರು ಬ್ಯಾಂಡ್ ನೋಡಿ, ಮೋಟಾರ್‌ಸೈಕಲ್ ಅಪಘಾತದಲ್ಲಿ ಸಾಯೋದರಿಂದ ತಪ್ಪಿಸಿಕೊಂಡು ಬಂದಿದ್ದ. ಹುಡುಗರ ಬ್ಯಾಂಡಿಗೆ ಒಬ್ಬ ಲೋಕ ಕಂಡ ಮನುಷ್ಯ ಸಿಕ್ಕ ಹಾಗಾಯಿತು. ಕುಡಿತ, ಸಾಲ, ಜಗಳ, ಹೆಣ್ಣು ಎಲ್ಲದರ ಬಗ್ಗೆಯೂ ಕಣ್ಣು ಹೊಡೆದು ಮಾತಾಡಿದ ಹಾಗೆ ಬರೀತಿದ್ದ. ಕೆಲವು ಹಾಡುಗಳು ಇವತ್ತು ಕೇಳಿದರೆ ಮುಜುಗರ ಆಗುತ್ತೆ, ಅದೂ ನಿಜ. ಆದರೆ ಅಹಂಕಾರದ ಧಾಟಿ ಕಡಿಮೆ. ತನ್ನನ್ನೇ ಗೇಲಿ ಮಾಡಿಕೊಳ್ಳೋ ಗುಣ ಜಾಸ್ತಿ.

1976ರ ಫೆಬ್ರವರಿಯಲ್ಲಿ ಮೆಲ್ಬರ್ನ್‌ನ ಸ್ವಾನ್‌ಸ್ಟನ್ ಸ್ಟ್ರೀಟ್‌ನಲ್ಲಿ ಒಂದು ತೆರೆದ ಟ್ರಕ್ ಮೇಲೆ ಹತ್ತಿ 'ಇಟ್ಸ್ ಎ ಲಾಂಗ್ ವೇ ಟು ದಿ ಟಾಪ್' ಚಿತ್ರೀಕರಿಸಿದರು. ಹಾಡಿನಲ್ಲಿ ಸ್ಕಾಟ್ಲೆಂಡಿನ ಬ್ಯಾಗ್‌ಪೈಪ್ ಇದೆ. ಗಣೇಶನ ಮೆರವಣಿಗೆಯಲ್ಲಿ ಲಾರಿ ಮೇಲೆ ಆರ್ಕೆಸ್ಟ್ರಾ ಹೋಗುತ್ತಲ್ಲ, ಹೆಚ್ಚುಕಡಿಮೆ ಅದೇ ದೃಶ್ಯ. ವಲಸೆ ಬಂದವರ ಮಕ್ಕಳು ತಮ್ಮ ಹಳೇ ಊರಿನ ವಾದ್ಯ ಊದುತ್ತಾ ಹೊಸ ಊರಿನ ಮುಖ್ಯರಸ್ತೆಯಲ್ಲಿ ಹೋಗ್ತಿದ್ದಾರೆ. ಆಸ್ಟ್ರೇಲಿಯಾ ಇವರನ್ನ 'ನಮ್ಮ ಹುಡುಗರು' ಅಂತ ಅನ್ನೋದಕ್ಕೆ ಶುರು ಮಾಡಿದ್ದು ಅಲ್ಲಿಂದ.

ಬಿಡುವಿನ ಕಸುಬು

ಇಲ್ಲಿ ಸಂಗೀತದ ಬಗ್ಗೆ ಸ್ವಲ್ಪ ಹೇಳಲೇಬೇಕು, ಯಾಕಂದರೆ ಮುಂದಿನ ಕಥೆಯೆಲ್ಲ ಇದರ ಮೇಲೆ ನಿಂತಿದೆ.

ರಾಕ್ ಬ್ಯಾಂಡಿನಲ್ಲಿ ಸಾಮಾನ್ಯವಾಗಿ ಎರಡು ಗಿಟಾರ್ ಇರ್ತವೆ. ಲೀಡ್ ಗಿಟಾರ್ ಅಂದರೆ ನಡುವೆ ಬಂದು ಸೋಲೋ ಬಾರಿಸಿ ಚಪ್ಪಾಳೆ ತಗೊಳ್ಳೋದು. ಅದು ಅಂಗಸ್. ರಿದಮ್ ಗಿಟಾರ್ ಅಂದರೆ ಹಾಡಿನುದ್ದಕ್ಕೂ ಅದೇ ತುಣುಕನ್ನ ಬಾರಿಸುತ್ತಾ ಹಾಡನ್ನ ಹೊತ್ತುಕೊಂಡು ಹೋಗೋದು. ಆ ಮತ್ತೆ ಮತ್ತೆ ಬರೋ ತುಣುಕಿಗೆ ರಿಫ್ ಅಂತಾರೆ. ಅದು ಮಾಲ್ಕಮ್. ಅವನು ನಿಲ್ತಿದ್ದದ್ದು ಹಿಂದೆ, ಆಂಪ್ಲಿಫೈಯರ್‌ಗಳ ಪಕ್ಕ, ಡ್ರಮ್ಮರ್ ಫಿಲ್ ರಡ್ ಹತ್ತಿರ. ಮುಂದೆ ಬರೋದು ಕೋರಸ್ ಹಾಡೋಕೆ ಮಾತ್ರ, ಮುಗಿದ ಕೂಡಲೇ ವಾಪಸ್ ಜಾಗಕ್ಕೆ.

ಮಾಲ್ಕಮ್ ಕೈಯಲ್ಲಿದ್ದದ್ದು 1963ರ ಗ್ರೆಚ್ ಕಂಪನಿಯ ಹಳೇ ಗಿಟಾರ್. ಅದರ ಕೆಲವು ಬಿಡಿಭಾಗ ಕಿತ್ತು ಹಾಕಿದ್ದ, ಬೇಡ ಅನ್ನಿಸಿದ್ದನ್ನ ಇಟ್ಟುಕೊಳ್ಳೋ ಜಾಯಮಾನ ಅಲ್ಲ. ದಪ್ಪ ತಂತಿ, ಜೋರಾದ ಹೊಡೆತ. ಹಾರ್ಡ್ ರಾಕ್ ಅಂದರೆ ಗಿಟಾರ್ ಸದ್ದು ಗರಗರ ಒಡೆಯಬೇಕು ಅಂತ ನಾವು ಅಂದುಕೊಳ್ತೀವಿ. ಇವನ ಗಿಟಾರ್ ಗಮನಿಸಿ ಕೇಳಿ, ಎಷ್ಟೋ ಕಡೆ ಶುದ್ಧವಾಗಿದೆ, ತಂತಿ ತಂತಿ ಬೇರೆ ಬೇರೆ ಕೇಳುತ್ತೆ.

ಅದಕ್ಕಿಂತ ಮುಖ್ಯ, ಅವನು ಬಾರಿಸದೇ ಬಿಟ್ಟ ಜಾಗ. 'ಬ್ಯಾಕ್ ಇನ್ ಬ್ಲ್ಯಾಕ್' ಹಾಡಿನ ಶುರು ಕೇಳಿ. ಒಂದು ಹೊಡೆತ, ಆಮೇಲೆ ಮೌನ. ಮತ್ತೆ ಮೂರು ಚುಟುಕು ಹೊಡೆತ, ಮತ್ತೆ ಮೌನ. ನಮ್ಮಲ್ಲಿ ಸಂಗೀತ ಪಾಠಕ್ಕೆ ಹೋದ ಮಕ್ಕಳಿಗೆ ತಾಳ ಹಾಕೋವಾಗ ಪೆಟ್ಟು ಕಲಿಸಿದ ಹಾಗೆಯೇ ಹುಸಿಯನ್ನೂ ಕಲಿಸ್ತಾರೆ. ಕೈ ತಟ್ಟೋದಿಲ್ಲ, ಗಾಳಿಯಲ್ಲಿ ತಿರುಗಿಸ್ತಾರೆ ಅಷ್ಟೆ, ಆದರೆ ಅದೂ ಲೆಕ್ಕಕ್ಕೆ ಸೇರುತ್ತೆ. ಮಾಲ್ಕಮ್ ಗಿಟಾರ್‌ನಲ್ಲಿ ಹುಸಿ ಅಷ್ಟೇ ಗಟ್ಟಿ. ಆ ಬಿಡುವಿನಲ್ಲಿ ಡ್ರಮ್ ಕೇಳುತ್ತೆ, ಗಾಯಕನಿಗೆ ಉಸಿರಾಡೋಕೆ ಜಾಗ ಸಿಗುತ್ತೆ, ಕೇಳುಗನ ಕುತ್ತಿಗೆ ತಾನಾಗೇ ಅಲ್ಲಾಡುತ್ತೆ.

'ಇವರದ್ದು ಎಲ್ಲ ಹಾಡೂ ಒಂದೇ ಥರ' ಅನ್ನೋ ದೂರು ಐವತ್ತು ವರ್ಷದಿಂದ ಇದೆ. ಹೋಟೆಲ್‌ನವರಿಗೆ 'ನಿಮ್ಮ ಮಸಾಲೆ ದೋಸೆ ದಿನಾ ಒಂದೇ ಥರ ಇರುತ್ತಲ್ಲ' ಅಂತ ದೂರು ಕೊಟ್ಟ ಹಾಗೆ ಅದು. ಒಂದೇ ಥರ ಇರಿಸೋದೇ ಅಲ್ಲಿ ಕಷ್ಟದ ಕೆಲಸ.

1980: ಎರಡು ಬ್ಯಾಂಡ್, ಎರಡು ಸಾವು

ಶುರುವಿನ ಆಲ್ಬಮ್‌ಗಳನ್ನ ಅಣ್ಣ ಜಾರ್ಜ್ ಮತ್ತು ಹ್ಯಾರಿ ವಾಂಡಾ ಸಿಡ್ನಿಯಲ್ಲೇ ಮಾಡಿಕೊಟ್ಟರು. ಅಮೆರಿಕದ ಕಂಪನಿ ಅಟ್ಲಾಂಟಿಕ್‌ಗೆ ಸಮಾಧಾನ ಇರಲಿಲ್ಲ. 1976ರ 'ಡರ್ಟಿ ಡೀಡ್ಸ್' ಆಲ್ಬಮ್ಮನ್ನ ಅಮೆರಿಕದಲ್ಲಿ ಬಿಡುಗಡೆ ಮಾಡೋದೇ ಇಲ್ಲ ಅಂದಿತು. ಕೊನೆಗೆ ರೇಡಿಯೋದಲ್ಲಿ ಓಡೋ ಹಾಗೆ ಮಾಡಿ ಅಂತ ಒತ್ತಡ ತಂದು, ನಿರ್ಮಾಪಕನನ್ನ ಬದಲಿಸಿದರು. ಅಣ್ಣನ ಜಾಗಕ್ಕೆ ಹೊರಗಿನವನು. ತಮ್ಮಂದಿರಿಗೆ ಅದು ಸುಲಭದ ಮಾತಾಗಿರಲಿಲ್ಲ. ಬಂದವನು ಮಟ್ ಲ್ಯಾಂಗ್. 1979ರ 'ಹೈವೇ ಟು ಹೆಲ್' ಅಮೆರಿಕದ ಪಟ್ಟಿಯಲ್ಲಿ 17ನೇ ಸ್ಥಾನಕ್ಕೆ ಏರಿತು. ಆರು ವರ್ಷದ ಓಡಾಟಕ್ಕೆ ಬಾಗಿಲು ತೆರೆದುಕೊಂಡ ಹಾಗಾಯಿತು.

1980ರ ಫೆಬ್ರವರಿ 19. ಲಂಡನ್. ಹಿಂದಿನ ರಾತ್ರಿ ಕುಡಿದು ಪರಿಚಯದವರ ಕಾರಿನಲ್ಲಿ ಮಲಗಿದ್ದ ಬಾನ್ ಸ್ಕಾಟ್ ಏಳಲಿಲ್ಲ. ಅತಿಯಾದ ಮದ್ಯಸೇವನೆ ಅಂತ ವರದಿ ಬಂತು. ವಯಸ್ಸು 33. ಶವ ಆಸ್ಟ್ರೇಲಿಯಾಕ್ಕೆ ಹೋಯಿತು, ಅಸ್ಥಿ ಫ್ರೀಮ್ಯಾಂಟಲ್ ಊರಿನಲ್ಲಿದೆ.

ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಇನ್ನೊಂದು ಸಾವು. ಲೆಡ್ ಝೆಪೆಲಿನ್‌ನ ಡ್ರಮ್ಮರ್ ಜಾನ್ ಬಾನಮ್. ಕಾರಣವೂ ಕುಡಿತವೇ, ವಯಸ್ಸು 32. ಡಿಸೆಂಬರ್‌ನಲ್ಲಿ ಝೆಪೆಲಿನ್ ಹೇಳಿಕೆ ಕೊಟ್ಟಿತು: ಅವನಿಲ್ಲದೆ ಮುಂದುವರಿಯೋದಿಲ್ಲ. ಅಂಗಡಿ ಮುಚ್ಚಿದರು. ಒಂದೇ ವರ್ಷ, ಒಂದೇ ಥರದ ಸಾವು, ಎರಡು ವಿರುದ್ಧ ತೀರ್ಮಾನ. ಝೆಪೆಲಿನ್ ಮಾಡಿದ್ದು ಸರಿ ಅಂತ ಇವತ್ತಿಗೂ ಯಾರೂ ತಕರಾರು ಮಾಡೋದಿಲ್ಲ. ಹಾಗಾದರೆ ಎಸಿ/ಡಿಸಿ ಮಾಡಿದ್ದು ತಪ್ಪಾ?

ಬಾನ್‌ನ ಅಂತ್ಯಕ್ರಿಯೆಯ ದಿನ ಅವನ ತಂದೆಯೇ ಬೇರೆ ಗಾಯಕನನ್ನ ಹುಡುಕಿಕೊಂಡು ಮುಂದೆ ಹೋಗಿ ಅಂದರು ಅಂತ ಮಾಲ್ಕಮ್ ಆಮೇಲೆ ಹೇಳಿಕೊಂಡಿದ್ದಾನೆ. ಮಗನನ್ನ ಮಣ್ಣು ಮಾಡೋ ದಿನ ಹಾಗೆ ಹೇಳೋದಕ್ಕೆ ಎಂಥ ಮನಸ್ಸು ಬೇಕು ಯೋಚಿಸಿ. ಮಾಲ್ಕಮ್ ಮನೆಯಲ್ಲಿ ಸುಮ್ಮನೆ ಕೂತಿರಲಾರದೆ ಅಂಗಸ್‌ಗೆ ಫೋನ್ ಮಾಡಿದ. ಇಬ್ಬರೂ ಗಿಟಾರ್ ಹಿಡಿದು ಅರ್ಧಕ್ಕೆ ನಿಂತಿದ್ದ ರಿಫ್‌ಗಳ ಮೇಲೆ ಕೆಲಸ ಶುರು ಮಾಡಿದರು.

ಸಿಕ್ಕ ಹೊಸ ಗಾಯಕ ಬ್ರಯಾನ್ ಜಾನ್ಸನ್, ಇಂಗ್ಲೆಂಡಿನ ನ್ಯೂಕ್ಯಾಸಲ್ ಕಡೆಯವನು. ಜಾರ್ಡಿ ಅನ್ನೋ ಬ್ಯಾಂಡಿನಲ್ಲಿ ಒಂದೆರಡು ಹಿಟ್ ಕೊಟ್ಟು, ಆಮೇಲೆ ಎಲ್ಲ ಮುಗಿದು, ಕಾರುಗಳಿಗೆ ವಿನೈಲ್ ಟಾಪ್ ಹಾಕೋ ಸಣ್ಣ ಅಂಗಡಿ ಇಟ್ಟುಕೊಂಡಿದ್ದ. ಇವನ ಹೆಸರನ್ನ ಮೊದಲು ಹೇಳಿದ್ದೇ ಬಾನ್ ಅನ್ನೋದು ಈ ಕಥೆಯ ವಿಚಿತ್ರ. ವರ್ಷಗಳ ಹಿಂದೆ ಬಾನ್‌ನ ಹಳೇ ಬ್ಯಾಂಡ್ ಜಾರ್ಡಿ ಜೊತೆ ಒಂದೇ ವೇದಿಕೆ ಹಂಚಿಕೊಂಡಿತ್ತು. ಆವತ್ತು ಬ್ರಯಾನ್ ನೆಲದ ಮೇಲೆ ಹೊರಳಾಡಿ ಕಿರುಚಿದ್ದು ನೋಡಿ ಬಾನ್ ಬೆರಗಾಗಿ, ಏನು ಹಾಡುಗಾರ ಅಂತ ಯಂಗ್ ಸಹೋದರರ ಹತ್ತಿರ ಹೊಗಳಿದ್ದ. ಬ್ರಯಾನ್ ಹೊರಳಾಡಿದ್ದು ಅಪೆಂಡಿಸೈಟಿಸ್ ನೋವಿನಿಂದ.

ಏಪ್ರಿಲ್‌ನಲ್ಲಿ ಬ್ರಯಾನ್ ಸೇರಿದ, ಅದೇ ತಿಂಗಳು ಬಹಾಮಾಸ್‌ನ ನಸೌ ಊರಿನ ಸ್ಟುಡಿಯೋಗೆ ಹೋದರು, ಜುಲೈ 25ಕ್ಕೆ 'ಬ್ಯಾಕ್ ಇನ್ ಬ್ಲ್ಯಾಕ್' ಆಲ್ಬಮ್ ಹೊರಗೆ. ಬಾನ್ ಸತ್ತು ಐದು ತಿಂಗಳು. ಹೊದಿಕೆ ಪೂರ್ತಿ ಕಪ್ಪು, ಸೂತಕದ ಕಪ್ಪು. ಮೊದಲ ಹಾಡು 'ಹೆಲ್ಸ್ ಬೆಲ್ಸ್' ಶುರುವಾಗೋದು ಸಾವಿನ ಮನೆಯ ನಿಧಾನ ಗಂಟೆಯಿಂದ. ಆ ಗಂಟೆಯ ಸದ್ದಿಗಾಗಿ ಇಂಗ್ಲೆಂಡಿನ ಲಫ್‌ಬರೊ ಊರಿನ ಯುದ್ಧ ಸ್ಮಾರಕದ ಗೋಪುರಕ್ಕೆ ಹೋದರೆ, ಗಂಟೆ ಹೊಡೆದಾಗಲೆಲ್ಲ ಒಳಗಿದ್ದ ಹಕ್ಕಿಗಳು ಪಟಪಟ ಹಾರೋ ಶಬ್ದ ಸೇರಿಕೊಳ್ತಿತ್ತು. ಕೊನೆಗೆ ಅದೇ ಊರಿನ ಗಂಟೆ ಎರಕದ ಕಾರ್ಖಾನೆಯಲ್ಲಿ, ಬ್ಯಾಂಡಿಗಾಗಿಯೇ ಮಾಡಿದ ಸುಮಾರು ಒಂದು ಟನ್ ತೂಕದ ಗಂಟೆಯನ್ನ ಬಾರಿಸಿ ಧ್ವನಿಮುದ್ರಣ ಮಾಡಿದರು.

ಆ ಆಲ್ಬಮ್ ಜಗತ್ತಿನಾದ್ಯಂತ ಸುಮಾರು 5 ಕೋಟಿ ಪ್ರತಿ ಮಾರಾಟ ಆಗಿದೆ ಅಂತ ಅಂದಾಜು. ಅಮೆರಿಕ ಒಂದರಲ್ಲೇ ಎರಡೂವರೆ ಕೋಟಿ ದಾಟಿದೆ. ಆದರೂ ಅಲ್ಲಿನ ಪಟ್ಟಿಯಲ್ಲಿ 4ನೇ ಸ್ಥಾನಕ್ಕಿಂತ ಮೇಲೆ ಹೋಗಲೇ ಇಲ್ಲ. ಒಂದು ವಾರ ಜೋರಾಗಿ ಮಾರಾಟವಾದ ಸರಕಲ್ಲ ಅದು, ನಲವತ್ತು ವರ್ಷ ಪ್ರತಿ ವಾರವೂ ಮಾರಾಟವಾದ ಸರಕು.

ಬಾನ್ ಬರೆದಿಟ್ಟಿದ್ದ ಸಾಲುಗಳು ಆ ಆಲ್ಬಮ್‌ನಲ್ಲಿ ಸೇರಿವೆಯಾ ಅನ್ನೋ ವಿವಾದ ಇವತ್ತಿಗೂ ಮುಗಿದಿಲ್ಲ. ಸಾಹಿತ್ಯ ಬ್ರಯಾನ್‌ನದೇ ಅಂತ ಬ್ಯಾಂಡ್ ಹೇಳುತ್ತೆ, ಆಲ್ಬಮ್ ಮೇಲೆ ಇರೋ ಹೆಸರೂ ಇಬ್ಬರು ಯಂಗ್‌ಗಳು ಮತ್ತು ಜಾನ್ಸನ್. ಈ ವಿವಾದ ಇಷ್ಟು ಬಾಳಿಕೆ ಬರೋದಕ್ಕೆ ಕಾರಣ ಇದೆ. ಹಾಡಿನ ಮೇಲಿನ ಹೆಸರು ಬರೀ ಮರ್ಯಾದೆ ಅಲ್ಲ, ರಾಯಲ್ಟಿ. ಸತ್ತ ಪಾಲುದಾರನ ಖಾತೆ ಅಂದೆನಲ್ಲ, ಅದು ಇದೇ.

ಇನ್ನೊಂದು ಲೆಕ್ಕ ನೋಡಿ. 'ಬ್ಯಾಕ್ ಇನ್ ಬ್ಲ್ಯಾಕ್' ಓಡಿದ ಮೇಲೆ ಅಟ್ಲಾಂಟಿಕ್‌ಗೆ ಗೋದಾಮಿನಲ್ಲಿದ್ದ ಹಳೇ ಮಾಲು ನೆನಪಾಯಿತು. ಐದು ವರ್ಷ ಹಿಂದೆ ಬೇಡ ಅಂದಿದ್ದ 'ಡರ್ಟಿ ಡೀಡ್ಸ್' ಆಲ್ಬಮ್ಮನ್ನೇ 1981ರಲ್ಲಿ ಅಮೆರಿಕದಲ್ಲಿ ಬಿಟ್ಟರು. ಅದು 3ನೇ ಸ್ಥಾನಕ್ಕೆ ಹೋಯಿತು. ಬದುಕಿದ್ದಾಗ ಅಮೆರಿಕದಲ್ಲಿ ಮೊದಲ ಹತ್ತರೊಳಗೆ ಬರದ ಬಾನ್ ಸತ್ತ ಮೇಲೆ ಬಂದ, ಅದೂ ತನ್ನ ಜಾಗಕ್ಕೆ ಬಂದವನ ಆಲ್ಬಮ್‌ಗಿಂತ ಒಂದು ಮೆಟ್ಟಿಲು ಮೇಲೆ. ನಷ್ಟ ಯಾರಿಗೆ, ಲಾಭ ಯಾರಿಗೆ, ನೀವೇ ಹೇಳಿ.

ಇಳಿತ, ಮತ್ತೆ ಏರು

1981ರ 'ಫಾರ್ ದೋಸ್ ಅಬೌಟ್ ಟು ರಾಕ್' ಅಮೆರಿಕದಲ್ಲಿ ಮೊದಲ ಸ್ಥಾನ ಕಂಡಿತು. ಅಲ್ಲಿಂದ ಇಳಿತ. ಫಿಲ್ ರಡ್ 1983ರಲ್ಲಿ ಹೊರಗೆ ಹೋದ. ಆಲ್ಬಮ್‌ಗಳು ಬಂದವು, ಮೊದಲಿನ ಮಾರಾಟ ಬರಲಿಲ್ಲ. 1985ರಲ್ಲಿ ಅಮೆರಿಕದ ರಾಜಕಾರಣಿಗಳ ಪತ್ನಿಯರು ಕಟ್ಟಿದ ಸಂಘಟನೆಯೊಂದು ಮಕ್ಕಳ ಕಿವಿಗೆ ಬೀಳಬಾರದ ಹದಿನೈದು ಹಾಡುಗಳ ಪಟ್ಟಿ ಮಾಡಿದಾಗ ಇವರ ಹಾಡೂ ಅದರಲ್ಲಿತ್ತು. 1988ರಲ್ಲಿ ಮಾಲ್ಕಮ್ ತಾನೂ ಕುಡಿತದ ಹಿಡಿತದಲ್ಲಿದ್ದೀನಿ ಅಂತ ಒಪ್ಪಿಕೊಂಡು ಪ್ರವಾಸದ ನಡುವೆ ರಜೆ ಹಾಕಿದ. ಬಾನ್‌ಗೆ ಏನಾಯಿತು ಅಂತ ಕಂಡವನು, ತಾನು ನಿಲ್ಲಿಸಿದ. ಅವನ ಜಾಗದಲ್ಲಿ ಅಷ್ಟು ದಿನ ಗಿಟಾರ್ ಬಾರಿಸಿದವನು ಅಣ್ಣನ ಮಗ ಸ್ಟೀವಿ ಯಂಗ್. ಈ ಹೆಸರು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೆ.

1990ರಲ್ಲಿ 'ಥಂಡರ್‌ಸ್ಟ್ರಕ್' ಬಂತು. ಶುರುವಿನ ಆ ಮಿಂಚಿನ ಓಟದ ಗಿಟಾರ್ ಪೂರ್ತಿ ಒಂದೇ ತಂತಿಯ ಮೇಲಿನ ಕೆಲಸ. ಕ್ರಿಕೆಟ್ ಸ್ಟೇಡಿಯಂ, ಜಿಮ್, ರೀಲ್ಸ್ ಎಲ್ಲೋ ಒಂದು ಕಡೆ ನಿಮ್ಮ ಕಿವಿಗೂ ಬಿದ್ದೇ ಇರುತ್ತೆ, ಬ್ಯಾಂಡಿನ ಹೆಸರು ಗೊತ್ತಿಲ್ಲದಿದ್ದರೂ.

ಆ ಯಶಸ್ಸಿನ ಪ್ರವಾಸದಲ್ಲೇ ಒಂದು ದುರಂತವೂ ಆಯಿತು. 1991ರ ಜನವರಿ 18ರಂದು ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿ, ಕುರ್ಚಿಗಳಿಲ್ಲದ ನೆಲದ ಮೇಲೆ ಜನ ವೇದಿಕೆ ಕಡೆಗೆ ನುಗ್ಗಿದಾಗ ಮೂವರು ಹದಿಹರೆಯದವರು ಸತ್ತರು. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ 11 ಜನರನ್ನ ಕಳೆದುಕೊಂಡ ನಮಗೆ, ಸಂಭ್ರಮಕ್ಕೆ ಹೋದ ಮಕ್ಕಳು ಮನೆಗೆ ಬರದಿದ್ದರೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಈ ಬ್ಯಾಂಡಿನ ಕಥೆ ಹೇಳೋವಾಗ ಮಾರಾಟದ ಅಂಕಿ ಮಾತ್ರ ಹೇಳಿ ಈ ಮೂವರನ್ನ ಬಿಟ್ಟರೆ ಲೆಕ್ಕ ಸರಿಯಾಗೋದಿಲ್ಲ.

ಅದೇ ವರ್ಷ ಸೆಪ್ಟೆಂಬರ್ 28ರಂದು ಮಾಸ್ಕೋದ ತುಷಿನೋ ವಿಮಾನ ಮೈದಾನದಲ್ಲಿ ಲಕ್ಷಾಂತರ ಜನರ ಮುಂದೆ ಹಾಡಿದರು. ಟಿಕೆಟ್ ಇಲ್ಲ, ಉಚಿತ. ಸೋವಿಯತ್ ಒಕ್ಕೂಟದಲ್ಲಿ ಕ್ಷಿಪ್ರಕ್ರಾಂತಿ ಯತ್ನ ವಿಫಲವಾಗಿ ತಿಂಗಳಷ್ಟೇ ಆಗಿತ್ತು. ಮೂರು ತಿಂಗಳಲ್ಲಿ ಆ ದೇಶವೇ ಇರಲಿಲ್ಲ. ಬ್ಯಾಂಡ್ ಇತ್ತು.

ವ್ಯಾಪಾರದ ಹಟ

ನಡುವೆ ಇವರ ವ್ಯಾಪಾರದ ರೀತಿ ಹೇಳಿಬಿಡ್ತೀನಿ. ಎಲ್ಲ ಬ್ಯಾಂಡ್‌ಗಳೂ ಹಳೇ ಹಿಟ್‌ಗಳನ್ನ ಒಟ್ಟು ಮಾಡಿ 'ಗ್ರೇಟೆಸ್ಟ್ ಹಿಟ್ಸ್' ಅಂತ ಮಾರ್ತಾರೆ. ಎಸಿ/ಡಿಸಿ ಆ ಹೆಸರಿನ ಆಲ್ಬಮ್ ಮಾಡಲೇ ಇಲ್ಲ. ಆ ಹಾಡು ಬೇಕಾದರೆ ಆ ಆಲ್ಬಮ್ಮೇ ಕೊಳ್ಳಿ. ಐಟ್ಯೂನ್ಸ್ ಬಂದು ಹಾಡುಗಳನ್ನ ಬಿಡಿಬಿಡಿಯಾಗಿ ಮಾರೋಕೆ ಶುರು ಮಾಡಿದಾಗಲೂ ಒಪ್ಪಲಿಲ್ಲ. 2012ರ ನವೆಂಬರ್ ತನಕ ಹಟ ಹಿಡಿದರು. 2008ರ 'ಬ್ಲ್ಯಾಕ್ ಐಸ್' ಆಲ್ಬಮ್ಮನ್ನ ಅಮೆರಿಕದಲ್ಲಿ ಸಿಡಿ ಅಂಗಡಿಗಳಿಗೆ ಕೊಡದೆ ವಾಲ್‌ಮಾರ್ಟ್‌ಗೆ ಕೊಟ್ಟರು. ದುಡಿಯೋ ಜನ ಸಾಮಾನು ಕೊಳ್ಳೋದು ಅಲ್ಲೇ, ನಮ್ಮ ಕೇಳುಗರೂ ಅವರೇ ಅನ್ನೋ ಲೆಕ್ಕ. ಆ ಆಲ್ಬಮ್ 29 ದೇಶಗಳಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಅದರ ಪ್ರವಾಸದ ಗಳಿಕೆ 44 ಕೋಟಿ ಡಾಲರ್. ಈ ತೀರ್ಮಾನಗಳ ಹಿಂದೆಲ್ಲ ಇದ್ದ ತಲೆ ಮಾಲ್ಕಮ್‌ನದು. ವೇದಿಕೆ ಮೇಲೆ ಹಿಂದೆ ನಿಂತವನೇ ಆಫೀಸಿನ ಯಜಮಾನ.

ರಿಫ್ ಮರೆತವನು

ಆ ಪ್ರವಾಸದ ಹೊತ್ತಿಗೆ ಮಾಲ್ಕಮ್‌ಗೆ ಮರೆವು ಶುರುವಾಗಿತ್ತು. ಡಿಮೆನ್ಷಿಯಾ. ತಾನೇ ಕಟ್ಟಿದ, ಮೂವತ್ತು ವರ್ಷ ಪ್ರತಿ ರಾತ್ರಿ ಬಾರಿಸಿದ ರಿಫ್‌ಗಳನ್ನ ಅವನು ಪ್ರತಿ ಕಾರ್ಯಕ್ರಮಕ್ಕೂ ಮುಂಚೆ ಕೂತು ಮತ್ತೆ ಕಲಿಯಬೇಕಾಗ್ತಿತ್ತು ಅಂತ ಅಂಗಸ್ ಆಮೇಲೆ ಹೇಳಿದ. ನೆಲ ಅಳೆದು ಮನೆ ಕಟ್ಟಿದ ಮೇಸ್ತ್ರಿ ಬಾಗಿಲು ಎಲ್ಲಿ ಅಂತ ಕೇಳಿಕೊಂಡು ಒಳಗೆ ಬಂದ ಹಾಗೆ. ನಮ್ಮ ಮನೆಗಳಲ್ಲಿ ಅಜ್ಜಂದಿರಿಗೋ ಅಜ್ಜಿಯರಿಗೋ ಹೀಗಾದದ್ದನ್ನ ಹತ್ತಿರದಿಂದ ಕಂಡವರಿಗೆ ಇದರ ಸಂಕಟ ಗೊತ್ತು. ಆದರೂ ಅವನು ಆ ಪ್ರವಾಸವನ್ನ ಮುಗಿಸಿದ.

2014ರಲ್ಲಿ ಮಾಲ್ಕಮ್ ವಾಪಸ್ ಬರೋದಿಲ್ಲ ಅಂತ ಬ್ಯಾಂಡ್ ಘೋಷಿಸಿತು. ಅವನ ಜಾಗಕ್ಕೆ ಬಂದವನು ಅದೇ ಸ್ಟೀವಿ. 2016ರಲ್ಲಿ ಬ್ರಯಾನ್‌ಗೆ ಕಿವಿ ಪೂರ್ತಿ ಹೋಗೋ ಅಪಾಯ ಇದೆ ಅಂತ ವೈದ್ಯರು ಹೇಳಿದಾಗ, ಪ್ರವಾಸ ನಿಲ್ಲಿಸೋ ಬದಲು ಗನ್ಸ್ ಎನ್' ರೋಸಸ್‌ನ ಆಕ್ಸಲ್ ರೋಸ್‌ನನ್ನ ಕರೆಸಿ ಮುಗಿಸಿದರು. ಅವನಿಗೆ ಕಾಲು ಮುರಿದಿತ್ತು, ಮೊದಲ ಕಾರ್ಯಕ್ರಮಗಳನ್ನ ಕುರ್ಚಿ ಮೇಲೆ ಕೂತೇ ಹಾಡಿದ. ಬಾಸ್ ಬಾರಿಸ್ತಿದ್ದ ಕ್ಲಿಫ್ ವಿಲಿಯಮ್ಸ್ ಅದೇ ವರ್ಷ ನಿವೃತ್ತಿ ಅಂದ. 2017ರ ಅಕ್ಟೋಬರ್‌ನಲ್ಲಿ ಅಣ್ಣ ಜಾರ್ಜ್ ತೀರಿಕೊಂಡ. ತಿಂಗಳೊಳಗೆ, ನವೆಂಬರ್ 18ರಂದು, ಮಾಲ್ಕಮ್. ವಯಸ್ಸು 64.

ಅಲ್ಲಿಗೆ ಮುಗೀತು ಅಂತಲೇ ಎಲ್ಲರೂ ಅಂದುಕೊಂಡಿದ್ದು. 2020ರ ನವೆಂಬರ್‌ನಲ್ಲಿ 'ಪವರ್ ಅಪ್' ಬಂತು. ಬ್ರಯಾನ್, ಕ್ಲಿಫ್, ಫಿಲ್ ರಡ್ ಮೂವರೂ ವಾಪಸ್. 12 ಹಾಡು, ಎಲ್ಲದರ ಮೇಲೂ ಅಂಗಸ್ ಮತ್ತು ಮಾಲ್ಕಮ್ ಇಬ್ಬರ ಹೆಸರು. ಅಣ್ಣ ತಮ್ಮ ಹಿಂದೆ ಮಾಡಿಟ್ಟಿದ್ದ ರಿಫ್‌ಗಳ ಪೆಟ್ಟಿಗೆಯಿಂದ ಅಂಗಸ್ ಆರಿಸಿ ತೆಗೆದದ್ದು. 2024ರಲ್ಲಿ ಯೂರೋಪ್ ಪ್ರವಾಸಕ್ಕೆ ಹೊರಟಾಗ ಡ್ರಮ್ಮರ್ ಹೊಸಬ, ಬಾಸ್‌ನವನೂ ಹೊಸಬ. 1973ರಿಂದ ಇರೋದು ಅಂಗಸ್ ಒಬ್ಬನೇ. ವಯಸ್ಸು ಎಪ್ಪತ್ತರ ಹತ್ತಿರ, ಮೈಮೇಲೆ ಸ್ಕೂಲ್ ಯೂನಿಫಾರ್ಮ್.

ಹಾಗಾದರೆ ಲೆಕ್ಕ?

ನನ್ನ ಅಭಿಪ್ರಾಯ ಹೇಳ್ತೀನಿ, ನೀವು ಒಪ್ಪಬೇಕಿಲ್ಲ. 1980ರ ತೀರ್ಮಾನ ಸರಿಯಾಗಿತ್ತು. ಯಾಕಂದರೆ ಅವರು ಬ್ರಯಾನ್‌ಗೆ ನೀನು ಬಾನ್ ಆಗು ಅನ್ನಲಿಲ್ಲ. ಅವನ ಟೋಪಿ, ಅವನ ಗಂಟಲು, ಅವನದೇ ದಾರಿ. ಸತ್ತವನ ಸೂತಕವನ್ನ ಹೊದಿಕೆ ಮೇಲೆ ಹಾಕಿ, ಗಂಟೆ ಬಾರಿಸಿ, ಆಮೇಲೆ ಕೆಲಸ ಶುರು ಮಾಡಿದರು. ಝೆಪೆಲಿನ್‌ಗೆ ಬಾನಮ್ ಇಲ್ಲದೆ ಆ ಸದ್ದೇ ಇರಲಿಲ್ಲ, ಮುಚ್ಚಿದರು. ಎಸಿ/ಡಿಸಿಯ ಸದ್ದು ಗಾಯಕನ ಗಂಟಲಲ್ಲಿ ಇರಲಿಲ್ಲ, ಮಾಲ್ಕಮ್‌ನ ಬಲಗೈಯಲ್ಲಿತ್ತು. ಅದು ಇತ್ತು, ಅದಕ್ಕೇ ಮುಂದುವರಿಯಿತು. ಇಬ್ಬರೂ ತಮ್ಮ ತಮ್ಮ ಪಾಲಿಗೆ ಸರಿ.

2016ರದ್ದು ಬೇರೆ. ಅಲ್ಲಿ ಕರೆಸಿದ್ದು ಒಂದು ದೊಡ್ಡ ಹೆಸರನ್ನ. ಟಿಕೆಟ್ ಮಾರಿಯಾಗಿತ್ತು, ಒಪ್ಪಿಕೊಂಡ ತಾರೀಖುಗಳಿದ್ದವು. ಆಕ್ಸಲ್ ಚೆನ್ನಾಗೇ ಹಾಡಿದ, ಆ ಮಾತು ಬೇರೆ. ಆದರೆ ಅದು ಗುತ್ತಿಗೆ ಪೂರೈಸಿದ ಹಾಗಿತ್ತೇ ಹೊರತು ಮನೆ ನಡೆಸಿದ ಹಾಗಿರಲಿಲ್ಲ.

ಸ್ಟೀವಿ ಬಾರಿಸೋದು ಇನ್ನೊಂದು ಥರ. ಚಿಕ್ಕಪ್ಪನ ರಿಫ್‌ಗಳನ್ನ ಬಾರಿಸ್ತಾನೆ, ಚಿಕ್ಕಪ್ಪ ನಿಲ್ತಿದ್ದ ಜಾಗದಲ್ಲೇ ನಿಲ್ತಾನೆ, ಮುಂದೆ ಬರೋದಿಲ್ಲ. ಅಕೌಂಟ್ಸ್ ಪುಸ್ತಕದಲ್ಲಿ ಗುಡ್‌ವಿಲ್ ಅಂದರೆ ಕಣ್ಣಿಗೆ ಕಾಣದ ಆಸ್ತಿ, ಬೆಲೆ ಕಟ್ಟೋದಕ್ಕೆ ಸೂತ್ರಗಳಿವೆ. ಆದರೆ ಯಾವ ಸೂತ್ರದಲ್ಲೂ ಕಲಿಸಿದವನ ಕೈ ಕಲಿತವನ ಕೈಯಲ್ಲಿ ಎಷ್ಟು ಉಳಿಯುತ್ತೆ ಅನ್ನೋದು ಬರೋದಿಲ್ಲ. ಈ ಬ್ಯಾಂಡ್ ಬಿಟ್ಟುಹೋಗೋ ಆಸ್ತಿ ಅದೇ ಅನ್ನಿಸುತ್ತೆ. ಹೊಸದನ್ನ ಕಂಡುಹಿಡಿಯದೇ, ಇರೋದನ್ನ ಕೆಡದ ಹಾಗೆ ನೋಡಿಕೊಳ್ಳೋದೂ ಒಂದು ದೊಡ್ಡ ಕೆಲಸ ಅಂತ ತೋರಿಸಿದ್ದು.

ಮೆಲ್ಬರ್ನ್‌ನಲ್ಲಿ 2004ರಿಂದ ಒಂದು ಗಲ್ಲಿಗೆ ಇವರದೇ ಹೆಸರಿದೆ. ಮೊದಲು ಅದರ ಹೆಸರು ಕಾರ್ಪೊರೇಷನ್ ಲೇನ್. ಫ್ರೀಮ್ಯಾಂಟಲ್‌ನಲ್ಲಿ ಬಾನ್‌ನ ಕಂಚಿನ ಪ್ರತಿಮೆ ಇದೆ. ಅವೆಲ್ಲ ನೋಡೋಕೆ ಅಷ್ಟು ದೂರ ಹೋಗಬೇಕು. ನೀವು ಇವತ್ತೇ ಮಾಡಬಹುದಾದ ಕೆಲಸ ಒಂದಿದೆ. ಇಯರ್‌ಫೋನ್ ಹಾಕಿಕೊಂಡು 'ಬ್ಯಾಕ್ ಇನ್ ಬ್ಲ್ಯಾಕ್' ಹಚ್ಚಿ. ಎರಡು ಗಿಟಾರ್ ಎರಡು ಕಿವಿಗೆ ಬೇರೆ ಬೇರೆ ಬರ್ತವೆ. ನಡುವೆ ಸೋಲೋ ಬಂದಾಗ ಎಲ್ಲರ ಗಮನ ಅಂಗಸ್ ಕಡೆ ಹೋಗುತ್ತೆ. ಆಗ ನೀವು ಇನ್ನೊಂದು ಕಿವಿಯಲ್ಲಿ ಕದಲದೆ ನಿಂತಿರೋ ಗಿಟಾರ್ ಕೇಳಿ. ಅವನೇ ಮಾಲ್ಕಮ್.